ಟ್ಯಾಪೆಟ್ ಬಿಗಿಯದ ಮಹಮ್ಮದಸಾಬ

ಗಜೇಂದ್ರಗಡದ ರೋಣ ರಸ್ತೆಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹತ್ತಿಲ್ಲ. ಮಹಮ್ಮದಸಾಬ ಮಿಸ್ತ್ರಿ ಆಗಲೇ ಹಳೆಯ ಟ್ರ್ಯಾಕ್ಟರಿನ ಮೇಲೆ ಬಾಗಿದ್ದಾರೆ. ಉದ್ದ ಸ್ಕ್ರೂಡ್ರೈವರಿನ ತುದಿ ಓಡುವ ಎಂಜಿನ್ನಿನ ಮೇಲೆ, ಹಿಡಿ ಕಿವಿಗೆ. ಟಕ್ ಟಕ್ ಟಕ್. ಮೂರನೆಯ ಸಿಲಿಂಡರಿಗೆ ಬಂದಾಗ ಹುಬ್ಬು ಗಂಟಾಗುತ್ತದೆ.

ಈ ಎಂಜಿನ್ ಅವರೇ ಪೂರಾ ಬಿಚ್ಚಿ ಕಟ್ಟಿಕೊಟ್ಟದ್ದು. ವಾರದೊಳಗೆ ಸಪ್ಪಳ ಮಾಡುತ್ತ ತಿರುಗಿ ಬಂದಿದೆ. ಟ್ರ್ಯಾಕ್ಟರಿನ ಒಡೆಯರು, ಶಿರೋಳದ ಗುರುಪಾದಗೌಡರು, ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದಾರೆ.

"ಏನ್ರಿ ಮಿಸ್ತ್ರಿ, ಊರಾಗ ಟಕ್ ಟಕ್ ಅನ್ನೂ ಮಗ್ಗ ಕಡಿಮಿ ಆದೂ ಅಂತ ನನ್ನ ಎಂಜಿನ್ನ್ಯಾಗ ಒಂದ ಕುಂದ್ರಿಸೀರೇನ? ಟ್ಯಾಪೆಟ್ ಬಿಗೀರಿ, ಸಪ್ಪಳ ಅಡಗಲಿ. ಇಲ್ಲಂದ್ರ ಗದಗಿಗೆ ಒಯ್ತೀನಿ. ನಿಮ್ಮ ಕೈ ಹೋತು ಅಂತ ಸಂತ್ಯಾಗ ಹೇಳ್ತೀನಿ."

ರಾಕರ್ ಎಂಬ ಸಣ್ಣ ತೋಳು ವಾಲ್ವನ್ನು ಒತ್ತಿ ತೆರೆಯುತ್ತದೆ. ಎರಡರ ನಡುವಿನ ಕೂದಲೆಳೆ ಸಂದಿಗೇ ಗ್ಯಾರೇಜಿನವರು ಟ್ಯಾಪೆಟ್ ಅನ್ನುವುದು. ಅದನ್ನು ಪೂರಾ ಬಿಗಿದರೆ ಸದ್ದು ಆಗಿಂದಾಗ ಅಡಗುತ್ತದೆ. ಆದರೆ ಕಬ್ಬಿಣ ಕಾದು ಹಿಗ್ಗಿದಾಗ ವಾಲ್ವ್ ಮುಚ್ಚುವುದಿಲ್ಲ, ಸುಟ್ಟುಹೋಗುತ್ತದೆ.

"ಒಯ್ರಿ," ಅನ್ನುತ್ತಾರೆ ಮಹಮ್ಮದಸಾಬ. "ನಿಮ್ಮ ಕಿವಿ ತಣ್ಣಗ ಮಾಡಾಕ ನಾ ಎಂಜಿನ್ ಕೊಲ್ಲಾಂವಲ್ಲ."

ಶಾಲೆ ಬಿಟ್ಟು ರೋಣದ ಸೋದರಮಾವನ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದವರು. ನರಗುಂದದ ದೊಡ್ಡ ಗ್ಯಾರೇಜೊಂದು ಕರೆದಿತ್ತು. ಅಲ್ಲಿಯ ಮಾಲೀಕ 'ಟ್ಯಾಪೆಟ್ ಬಿಗಿದು ಕಳಿಸು' ಅಂದದ್ದಕ್ಕೆ ಅವತ್ತೇ ಬಿಟ್ಟು ಬಂದರು. ಹೆಂಡತಿ ಇಷ್ರತ ನಗುತ್ತಾರೆ: "ನಾ ಒದರಿದ್ರೂ ಇವ್ರಿಗೆ ಕೇಳಂಗಿಲ್ರಿ. ಎಂಜಿನ್ ಟಕ್ ಅಂದ್ರ ಎದ್ದ ಕುಂದರ್ತಾರ."

ಗೌಡರು ಬಾಗಿಲು ಬಿಟ್ಟು ಕದಲುವುದಿಲ್ಲ. ಮಹಮ್ಮದಸಾಬ ಎಂಜಿನ್ ನಿಲ್ಲಿಸಿ ಅದರ ಮುಚ್ಚಳ ತೆಗೆಯುತ್ತಾರೆ. ಎಣ್ಣೆ ಮೇಲಿನ ತನಕ ಏರಿದೆ. ರಾಕರನ್ನು ಎತ್ತುವ ಸರಳುಗಳನ್ನು ಗಾಜಿನ ಮೇಲೆ ಉರುಳಿಸಿದರೆ ಒಂದೂ ಬಾಗಿಲ್ಲ. ಸಂದಿ ಅಳೆಯುವ ಗೇಜಿನ ಪಟ್ಟಿಯೂ ಸರಿಯಾಗೇ ಹಿಡಿಯುತ್ತದೆ. ಮತ್ತೆ ಸಪ್ಪಳ ಎಲ್ಲಿಯದು? ರಾಕರಿನ ಮೂತಿಯ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತಾರೆ. ಉಗುರು ಸಿಕ್ಕಿಕೊಳ್ಳುತ್ತದೆ.

"ಕುಳಿ ಬಿದ್ದೈತ್ರಿ. ಪಟ್ಟಿ ಅದರ ಮ್ಯಾಲ ಹಲಗಿ ಹಾಸಿದಂಗ ಕುಂದರತೈತಿ. ಖರೇ ಸಂದಿ ಕೆಳಗ ಉಳೀತು. ಎಂಜಿನ್ ಕಟ್ಟೂ ಮುಂದ ಇದನ್ನ ಬದಲಿ ಮಾಡೂಣು ಅಂದಿದ್ದೆ. ಯಾರೋ 'ಹಳೇದ ನಡೀತೈತಿ ಬಿಡ್ರಿ' ಅಂದ್ರು."

ಗೌಡರು ಮೀಸೆ ತಿರುವುತ್ತ ಹೊಸ ರಾಕರಿಗೆ ರೊಕ್ಕ ಎಣಿಸುತ್ತಾರೆ.

ಹೊಸ ರಾಕರ್ ಕೂತ ಮೇಲೆ ಎಂಜಿನ್ ಸಮನಾಗಿ ಓಡುತ್ತದೆ. ಆ ಒಡಕು ಸದ್ದಿಲ್ಲ. ಕಿವಿಗೊಟ್ಟರೆ ಮಾತ್ರ ಸಣ್ಣಗೆ ಟಿಕಿಟಿಕಿ.

"ಇನ್ನೂ ಸ್ವಲ್ಪ ಐತಲ್ರಿ ಮಿಸ್ತ್ರಿ?"

"ಅಷ್ಟ ಇರಬೇಕ್ರಿ ಗೌಡ್ರ," ಮಹಮ್ಮದಸಾಬ ಕೈ ಒರೆಸಿಕೊಳ್ಳುತ್ತಾರೆ. "ಪೂರಾ ಸಪ್ಪಳಿಲ್ಲದ ಎಂಜಿನ್ ಬೇಕಂದ್ರ ಗುಜರಿ ಅಂಗಡ್ಯಾಗ ಭಾಳ ಬಿದ್ದಾವ. ಹೋಗಿ ಆರಿಸ್ಕೋರಿ."