ಕೋವಿಯ ಕುದುರೆಗೆ ಹೊಲಿಗೆ ಮೆಷಿನ್ನಿನ ಎಣ್ಣೆ

ನಾನು ಸೊಸೆಯಾಗಿ ಹೋದ ಮನೆಯಲ್ಲಿ ಒಂದು ಕೋವಿಗೆ ನನಗಿಂತ ಹೆಚ್ಚು ಮರ್ಯಾದೆ ಇತ್ತು. ಅದನ್ನು ನೇತುಹಾಕಿದ್ದ ಗೋಡೆಯ ಕಡೆಗೆ ಯಾರೂ ಕಾಲು ಚಾಚಿ ಕೂರುವಂತಿರಲಿಲ್ಲ. ನನ್ನ ತವರಿನವರು ಕೊಟ್ಟ ಹೊಲಿಗೆ ಮೆಷಿನ್ನನ್ನು ಮಾತ್ರ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ತಳ್ಳಿದರು. ಮದುವೆಯಾದ ವಾರದಲ್ಲೇ ಇದು ನನ್ನ ಕಣ್ಣಿಗೆ ಬಿತ್ತು.

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಜಗಳೂರಿನ ಬಯಲುಸೀಮೆಯಿಂದ ನ್ಯಾಮತಿ ಕಡೆಯ ಒಂದು ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ಗುಡ್ಡದ ಅಂಚಿನ ಹೊಲಗಳು ಅವು. ಕಾಡುಹಂದಿಗಳು ಇಳಿದರೆ ಶೇಂಗಾ ಹೊಲ ಯಾರೋ ನೇಗಿಲು ಹೊಡೆದು ಬಿಟ್ಟುಹೋದ ಹಾಗೆ ಆಗುತ್ತಿತ್ತು. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಕೋವಿಯ ಲೈಸೆನ್ಸು ಭಾವನ ಹೆಸರಿನಲ್ಲಿತ್ತು. ಭಾವ ಅಂದರೆ ನನ್ನ ಗಂಡನ ಅಣ್ಣ, ಮನೆಯ ಯಜಮಾನರು. ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ಪದ್ಧತಿ ಅವರಿಗೆ ಇರಲಿಲ್ಲ. ಎದುರಿಗೇ ನಿಂತಿದ್ದರೂ ನಮ್ಮತ್ತೆಯ ಕಡೆ ತಿರುಗಿ, "ಆಕಿಗೆ ಹೇಳವ್ವ," ಎಂದು ಶುರುಮಾಡುತ್ತಿದ್ದರು. ನಾನೂ ಅತ್ತೆಗೇ ಉತ್ತರ ಹೇಳಬೇಕು. ಹೀಗೆ ಗೋಡೆಗೆ ಮಾತಾಡಿ ಮಾತಾಡಿ ನನ್ನ ನಾಲಿಗೆ ಆ ಮನೆಯಲ್ಲಿ ಹರಿತವಾಯಿತು.

ಅದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಬೇಕು, ಹಿಂದುಗಡೆ ಒಂದು ತಾಮ್ರದ ಕೇಪು ಸಿಕ್ಕಿಸಬೇಕು, ಕುದುರೆಯನ್ನು ಎಳೆದು ನಿಲ್ಲಿಸಿ ಟ್ರಿಗರ್ ಒತ್ತಬೇಕು. ಕುದುರೆ ಎಂದರೆ ಚಿಕ್ಕ ಸುತ್ತಿಗೆಯ ಹಾಗೆ ಕೇಪಿನ ಮೇಲೆ ಬೀಳುವ ಕಬ್ಬಿಣದ ತುಂಡು. ಅದು ಚಟ್ಟನೆ ಬಿದ್ದರೆ ಈಡು ಹಾರುತ್ತದೆ, ಮೆತ್ತಗೆ ಬಿದ್ದರೆ ಹಾರುವುದಿಲ್ಲ. ಇಷ್ಟೇ ವಿದ್ಯೆ. ಭಾವ ಇದನ್ನು ಯಾರಾದರೂ ನೆಂಟರು ಬಂದಾಗ ಊಟ ಆರುವವರೆಗೂ ಹೇಳುತ್ತಿದ್ದರು.

ಹಂದಿ ಬಂದಾಗ ಭಾವ ಕೋವಿ ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದರು. ನಮ್ಮ ಮನೆಯವರು ಒಂದು ದೊಣ್ಣೆ, ಒಂದು ಹಳೇ ಡಬ್ಬ ಹಿಡಿದು ಬೆಳೆಯೊಳಗೆ ನುಗ್ಗಿ ಹಂದಿಗಳನ್ನು ಎಬ್ಬಿಸಬೇಕು. ಎದ್ದ ಹಂದಿ ತಿರುಗಿ ಬಿದ್ದರೆ ಭಾವ ಈಡು ಹೊಡೆದು ಬೆದರಿಸಬೇಕು. ಲೈಸೆನ್ಸು ಅಣ್ಣನದು, ಮೈ ತಮ್ಮನದು. ನನ್ನ ತಾಳಿ ಆ ಕುದುರೆ ಹೇಗೆ ಬೀಳುತ್ತದೆ ಅನ್ನುವುದರ ಮೇಲೆ ನಿಂತಿತ್ತು. ಇದನ್ನು ಒಂದು ಸಲ ಅತ್ತೆಗೆ ಹೇಳಿದೆ. "ಗಂಡಸ್ರ ಕೆಲಸ ಗಂಡಸ್ರಿಗೆ ಗೊತ್ತೈತೆ," ಅಂದರು.

ಗಂಡಸರಿಗೆ ಗೊತ್ತಿದ್ದದ್ದು ಎಷ್ಟು ಅಂತ ನನಗೆ ಬೇಗ ತಿಳಿಯಿತು. ಭಾವ ಕೋವಿಗೆ ಕೈಗೆ ಸಿಕ್ಕ ಎಣ್ಣೆಯನ್ನೆಲ್ಲ ಹಚ್ಚುತ್ತಿದ್ದರು. ಒಂದು ತಿಂಗಳು ಹರಳೆಣ್ಣೆ, ಒಂದು ತಿಂಗಳು ಬಂಡಿಯ ಕೀಲೆಣ್ಣೆ. ಯಾರೋ ಹೇಳಿದರೆಂದು ಒಂದು ಸಲ ಸೀಮೆಎಣ್ಣೆ. ಆಮೇಲೊಂದು ದಿನ ನಾನು ಹೊನ್ನಾಳಿಯಿಂದ ತರಿಸಿಕೊಂಡಿದ್ದ ಮೆಷಿನ್ ಎಣ್ಣೆಯ ಡಬ್ಬಿ ಕಾಣಲಿಲ್ಲ. ಹುಡುಕಿದರೆ ಭಾವನ ಕೈಯಲ್ಲಿತ್ತು. ಕೇಳಿ ತೆಗೆದುಕೊಂಡಿದ್ದರೆ ನನಗೇನೂ ಕಷ್ಟ ಇರಲಿಲ್ಲ. "ಆಕಿಗೆ ಹೇಳವ್ವ, ಇನ್ನೊಂದು ಡಬ್ಬಿ ತರಿಸ್ಕೊಳಾಕೆ," ಎಂದು ಅತ್ತೆಗೆ ಹೇಳಿ ಒಳಗೆ ಹೋದರು.

ನಾನು ರಾತ್ರಿಯೆಲ್ಲ ಗೊಣಗಿದೆ. ನಮ್ಮ ಮನೆಯವರದು ಮಾತು ಕಡಿಮೆ, ಮನಸ್ಸು ಒಳ್ಳೆಯದು ಅಂತ ಆಗ ನಂಬಿದ್ದೆ. "ಬೈಯೋದು ಬಿಡು. ಯಾವುದು ಛಲೋ ಅಂತ ನಾವೇ ನೋಡಾನ," ಅಂದರು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಬಾಗಿಲುಗಳಿಂದ ಕೀಲುಗಳನ್ನು ಕಿತ್ತು ತಂದರು. ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದಕ್ಕೆ ಒಂದೊಂದು ಎಣ್ಣೆ ಹಚ್ಚಿ, ನಾನು ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಗುರುತು ಮಾಡಿ ಮೆಷಿನ್ ಕೋಣೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಮದುವೆಯಾದ ಮೇಲೆ ನಾವಿಬ್ಬರೂ ತಲೆಗೆ ತಲೆ ಹಚ್ಚಿ ಕೂತು ಮಾಡಿದ ಮೊದಲ ಕೆಲಸ ಅದು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಬೆಳಿಗ್ಗೆ ಎದ್ದವಳೇ ರಂಗೋಲಿಗೂ ಮುಂಚೆ ಹೋಗಿ ಆ ಕೀಲುಗಳನ್ನು ಆಡಿಸಿ ನೋಡುತ್ತಿದ್ದೆ.

ಹರಳೆಣ್ಣೆ ಮೊದಲು ಚೆನ್ನಾಗಿ ಜಾರಿತು. ದಿನ ಕಳೆದಂತೆ ಅಂಟಾಗಿ ಕೊಟ್ಟಿಗೆಯ ಧೂಳನ್ನೆಲ್ಲ ಎಳೆದುಕೊಂಡಿತು. ನನ್ನ ತವರಿನ ಗಾಣದ ಶೇಂಗಾ ಎಣ್ಣೆಯ ಬಗ್ಗೆ ನನಗೆ ಜಂಬ ಇತ್ತು, ಅದೂ ಕಬ್ಬಿಣದ ಮೇಲೆ ಹಳದಿ ಚರ್ಮದ ಹಾಗೆ ಕೂತಿತು. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಆರಿದ ಮೇಲೆ ತುಕ್ಕಿಗೆ ಬಾಗಿಲು ತೆರೆದಿಟ್ಟು ಹೋಗುತ್ತದೆ. ಕೀಲೆಣ್ಣೆ ಬಂಡಿಯ ಗಾಲಿಗೆ ಸರಿ. ಸಣ್ಣ ಕೀಲಿಗೆ ಹಚ್ಚಿದರೆ ಭಾರವಾಗಿ ನಿಧಾನಕ್ಕೆ ತಿರುಗುತ್ತಿತ್ತು. ಕೊಬ್ಬರಿ ಎಣ್ಣೆ, ತುಪ್ಪ ಎರಡೂ ಮಧ್ಯಾಹ್ನ ನೀರಿನ ಹಾಗೆ ಆಡಿದವು. ಚಳಿ ಹಿಡಿದ ಮುಂಜಾನೆ ನೋಡಿದರೆ ಬೆಳ್ಳಗೆ ಗಟ್ಟಿಯಾಗಿ ಕೀಲು ಅಲುಗಲೇ ಇಲ್ಲ. ಮೆಷಿನ್ ಎಣ್ಣೆ ಹಚ್ಚಿದ್ದು ಮಾತ್ರ ಬೆರಳು ತಾಗಿಸಿದರೆ ಸಾಕು, ಹಾಗೇ ತಿರುಗುತ್ತಿತ್ತು. ತುಪ್ಪದ ಕೀಲನ್ನು ಕೈಯಲ್ಲಿ ಹಿಡಿದು ಬಿಡಿಸಲು ನೋಡಿ, ಬಾರದೆ, ನಮ್ಮ ಮನೆಯವರೇ ನಕ್ಕಿದ್ದರು. "ಇದನ್ನ ಕೋವಿಗೆ ಹಚ್ಚಿದ್ರೆ ಹಂದಿ ಬಂದು ನೆಕ್ಕಿಕೊಂಡು ಹೋಗ್ತೈತೆ," ಅಂದಿದ್ದರು.

ಅವರೇ ಅಣ್ಣನಿಗೆ ಹೇಳಿದರು. ಹೆಂಡತಿಯ ಹೆಸರು ತೆಗೆಯದೆ ಹೇಳಿದ್ದರಿಂದ ಅಣ್ಣ ಒಪ್ಪಿದರು. ಎರಡು ಮೂರು ವರ್ಷ ಕೋವಿಗೆ ನನ್ನ ಡಬ್ಬಿಯ ಎಣ್ಣೆಯೇ ಆಯಿತು, ಈಡು ಒಂದು ಸಲವೂ ತಪ್ಪಲಿಲ್ಲ. ಭಾವ ಊರಿನಲ್ಲಿ ಅದನ್ನು ತಮ್ಮ ಕೈಗುಣ ಅಂತ ಹೇಳಿಕೊಂಡು ತಿರುಗಿದರು. ಹೇಳಿಕೊಳ್ಳಲಿ ಬಿಡು, ಗಂಡ ಮನೆಗೆ ನೆಟ್ಟಗೆ ಬರುತ್ತಾನಲ್ಲ ಅಂದುಕೊಂಡೆ.

ಕೆಟ್ಟದ್ದು ಒಂದು ಆಯುಧಪೂಜೆಯ ಹಿಂದಿನ ದಿನ. ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿ ಆ ಮನೆಯಲ್ಲಿತ್ತು, ನಾನು ಕೂರುತ್ತಿದ್ದದ್ದು ಮೆಷಿನ್ ಇದ್ದ ಆ ಕೋಣೆಯಲ್ಲೇ. ಸುಮ್ಮನೆ ಕೂತು ಏನು ಮಾಡಲಿ, ಹೊಲಿಯುತ್ತಿದ್ದೆ. ಆ ದಿನಗಳಲ್ಲಿ ಹೊಲಿದ ಕುಪ್ಪಸ ತೊಟ್ಟು ಊರಿನ ಹೆಂಗಸರು ದೇವಸ್ಥಾನಕ್ಕೆ ಹೋಗುತ್ತಿದ್ದರು, ನಮ್ಮತ್ತೆಯೂ ಹೋಗುತ್ತಿದ್ದರು. ಯಾವ ದೇವರೂ ಮುನಿಸಿಕೊಂಡಿರಲಿಲ್ಲ. ಆ ಸಲ ಪೂಜೆ ಹತ್ತಿರ ಬಂದಾಗಲೇ ನನಗೆ ಆ ದಿನಗಳು ಬಂದವು. ಭಾವ ಎಣ್ಣೆ ಡಬ್ಬಿಗೆಂದು ಕೋಣೆಯ ಬಾಗಿಲಿಗೆ ಬಂದವರು ನಾನು ಒಳಗೆ ಕೂತಿದ್ದನ್ನು ಕಂಡರು. ಡಬ್ಬಿ ನನ್ನ ತೊಡೆಯ ಪಕ್ಕದಲ್ಲಿತ್ತು. ಅವರ ಮುಖ ಕಪ್ಪಗಾಯಿತು.

"ಇಷ್ಟು ವರ್ಷ ಇದನ್ನೇ ಹಚ್ಚಿಸಿದ್ರೇನವ್ವ ನನ್ನ ಕೈಲಿ?" ಎಂದು ಪಡಸಾಲೆಯಲ್ಲಿ ಕೂಗಾಡಿದರು. ಅತ್ತೆ, "ನಂಗೇನು ಗೊತ್ತಪ್ಪ," ಅಂದುಬಿಟ್ಟರು. ಗೊತ್ತಿತ್ತು ಅವರಿಗೆ. ಮೈಮೇಲೆ ನನ್ನ ಹೊಲಿಗೆಯ ಕುಪ್ಪಸವೇ ಇತ್ತು.

ಕೋವಿಯನ್ನು ಅಂಗಳಕ್ಕೆ ತಂದು ಗೋಮೂತ್ರ ಚಿಮುಕಿಸಿದರು. ಬಿಸಿನೀರಿನಲ್ಲಿ ನನ್ನ ಎಣ್ಣೆಯನ್ನೆಲ್ಲ ತೊಳೆದರು. ತುಪ್ಪಕ್ಕೆ ಮೈಲಿಗೆ ಇಲ್ಲ ಅಂತ ಭಾವನೇ ತೀರ್ಮಾನ ಮಾಡಿ, ದೇವರ ದೀಪಕ್ಕೆ ಇಟ್ಟಿದ್ದ ತುಪ್ಪವನ್ನು ಕಾಯಿಸಿ ಕುದುರೆಯ ಬುಡಕ್ಕೆ, ಟ್ರಿಗರಿನ ಸಂದಿಗೆ ತೊಟ್ಟಿಕ್ಕಿಸಿದರು. ಮೇಲೆ ವಿಭೂತಿ, ಅರಿಶಿನ, ಕುಂಕುಮ. ಪೂಜೆ ಮಾಡಿದ್ದನ್ನು ಒರೆಸಬಾರದು, ತಾನಾಗಿ ಉದುರಬೇಕು ಅನ್ನುವುದು ಆ ಮನೆಯ ನೇಮ. ಬಂಡಿಗೂ ಹಾಗೇ, ನೇಗಿಲಿಗೂ ಹಾಗೇ. ನೇಗಿಲಿಗೆ ಕುಂಕುಮ ಅಂಟಿದರೆ ಉಳುಮೆ ನಿಲ್ಲುವುದಿಲ್ಲ. ಕೋವಿ ನೇಗಿಲಲ್ಲ ಅಂತ ಹೇಳುವವರು ಯಾರು?

ನಾನು ನಮ್ಮ ಮನೆಯವರಿಗೆ ಹೇಳಿದೆ. "ಚಳಿ ಬಂದ್ರೆ ತುಪ್ಪ ಹೆಪ್ಪಾಗ್ತೈತೆ ರೀ. ನೀವೇ ಕೈಯಾರೆ ನೋಡೀರಿ. ನಿಮ್ಮಣ್ಣಗೆ ಒಂದು ಮಾತು ಹೇಳ್ರಿ."

"ಅಣ್ಣ ಮಾಡ್ಯಾನೆ, ಮುಗೀತು. ಮನೇಲಿ ಜಗಳ ಬ್ಯಾಡ."

"ಜಗಳ ಬ್ಯಾಡ ಅಂದ್ರೆ ಹೆಂಗೆ? ಒಳಗೆ ನುಗ್ಗೋರು ನೀವು."

ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಕೋವಿಗೆ ನಾನೇ ಕೈ ಹಾಕಬಹುದಿತ್ತು. ಹಾಕಲಿಲ್ಲ. ಮೂರು ದಿನ ಕಳೆದು ನಾನು ಒಳಗೆ ಬಂದ ಕೂಡಲೇ, ಹಾಕಬಾರದೆಂದು ಅತ್ತೆ ನನ್ನಿಂದ ದೇವರ ಮುಂದೆ ಆಣೆ ಮಾಡಿಸಿದ್ದರು, ನಾನು ಮಾತಿಗೆ ತಪ್ಪುವವಳಲ್ಲ.

ಜೋಳ ತೆನೆ ಹಿಡಿದು ಆಳೆತ್ತರ ನಿಂತಿತ್ತು. ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಹೊಲದಲ್ಲಿ ಹಂದಿಯ ಸದ್ದಾಯಿತೆಂದು ಅಣ್ಣ ತಮ್ಮ ಇಬ್ಬರೂ ಹೋದರು. ಡಬ್ಬ ಬಡಿದ ಸದ್ದು ನನಗೆ ಹಿತ್ತಲಿಗೇ ಕೇಳಿಸಿತು. ಈಡಿನ ಸದ್ದಿಗೆ ಕಾದೆ. ಅದು ಬರಲಿಲ್ಲ. ಕಿರುಚಿದ ಸದ್ದು ಬಂತು.

ಆಮೇಲೆ ತಿಳಿದದ್ದು ಇಷ್ಟು. ಮರಿಗಳಿದ್ದ ಹೆಣ್ಣು ಹಂದಿ ತಿರುಗಿ ಬಿತ್ತು, ಭಾವ ಟ್ರಿಗರ್ ಒತ್ತಿದರು, ಕುದುರೆ ಮುದುಕಿ ಮಣೆಯ ಮೇಲೆ ಕೂತ ಹಾಗೆ ನಿಧಾನಕ್ಕೆ ಕೇಪಿನ ಮೇಲೆ ಕೂತಿತು. ಮತ್ತೆ ಎಳೆದು ಒತ್ತಿದರು, ಮತ್ತೆ ಹಾಗೇ. ಅಷ್ಟರಲ್ಲಿ ಹಂದಿ ನಮ್ಮ ಮನೆಯವರನ್ನು ಕೆಡವಿ, ಮಂಡಿಯ ಹಿಂದಿನಿಂದ ತೊಡೆಯವರೆಗೆ ಸೀಳಿ ಹೋಗಿತ್ತು. ನಾನು ಹೊಲಿಯಲು ಇಟ್ಟಿದ್ದ ಹೊಸ ಬಟ್ಟೆಯನ್ನೆಲ್ಲ ಹರಿದು ಕಟ್ಟಿದೆ, ಎಲ್ಲವೂ ರಕ್ತದಲ್ಲಿ ನೆನೆದವು. ಬಂಡಿಯಲ್ಲಿ ಹುಲ್ಲು ಹಾಸಿ ಹೊನ್ನಾಳಿ ಆಸ್ಪತ್ರೆಗೆ ಒಯ್ದೆವು.

ಭಾವ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳಿದರು. ಕೋವಿಗೆ ಮತ್ತೆ ಮೈಲಿಗೆಯಾಗಿತ್ತು, ಪೂಜೆಯಾದ ಮೇಲೆ ಯಾರೋ ಕದ್ದು ಆ ಎಣ್ಣೆ ಹಚ್ಚಿರಬೇಕು, ಅದಕ್ಕೇ ಕೈ ಕೊಟ್ಟಿತು. ಯಾರೋ ಅನ್ನುವಾಗ ಅವರ ಕಣ್ಣು ನನ್ನ ಕಡೆಗೆ ಬರುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಅಲ್ಲ ಅನ್ನಲಿಲ್ಲ. ನನಗೆ ಅಷ್ಟು ನೋವಾಗಲಿಲ್ಲ, ಸಿಟ್ಟು ಬಂತು. ಏನಾದರೂ ಹೇಳಿಕೊಳ್ಳಲಿ, ಒಳಗೆ ಮಲಗಿರುವ ಮನುಷ್ಯನಿಗೆ ಎಲ್ಲ ಗೊತ್ತು, ಅವರು ಬಾಯಿ ಬಿಟ್ಟ ದಿನ ಇವರೆಲ್ಲರ ಮಾತು ನಿಲ್ಲುತ್ತದೆ ಅಂದುಕೊಂಡು ಹಾಸಿಗೆಯ ಪಕ್ಕ ಕೂತೆ.

ಜ್ವರ ಇಳಿದ ಮೇಲೆ ಅವರು ಕಣ್ಣು ಬಿಟ್ಟರು. ಗಂಜಿ ಕುಡಿಸಿದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಸಣ್ಣ ದನಿಯಲ್ಲಿ ಕೇಳಿದರು.

"ಖರೆ ಹೇಳು. ಕೋವಿಗೆ ಕೈ ಹಚ್ಚಿದ್ದೇನು ನೀನು?"

ಗಂಜಿಯ ಲೋಟ ಕೆಳಗಿಟ್ಟೆ. "ಹಚ್ಚಿದ್ರೆ ಈಡು ಹಾರ್ತಿತ್ತು ರೀ," ಅಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆ ಕಾಲು ಮುಂದೆ ಮಡಚಲು ಬರಲಿಲ್ಲ; ಅವರಿರುವ ತನಕ ಚಪ್ಪಲಿ ತೊಡಿಸಿದವಳು ನಾನೇ. ಆ ಪ್ರಶ್ನೆ ಕೇಳಿದ್ದು ತಪ್ಪಾಯಿತು ಅಂತ ಅವರು ಯಾವತ್ತೂ ಅನ್ನಲಿಲ್ಲ. ನಾನೂ ಅದನ್ನು ಕ್ಷಮಿಸಲಿಲ್ಲ.