ಗಿರಿಜಕ್ಕನ ಗಾಲಿಮನೆ

ಗಿರಿಜಕ್ಕ ಮನೆಯೊಳಗೂ ಕೋಟು ಬಿಚ್ಚುತ್ತಿರಲಿಲ್ಲ. ಹೀಟಿಂಗ್ ಹಾಕಿ ಬೆಚ್ಚಗಾಗಿದ್ದರೂ ಮೈಮೇಲೆ ಅದೇ ನೀಲಿ ಕೋಟು, ಜೇಬಿನಲ್ಲಿ ಕಾರಿನ ಕೀಲಿಕೈ. ಚಹಾ ಕುಡಿಯುವುದು ನಿಂತುಕೊಂಡೇ. ಎರಡು ಗುಟುಕು ಕುಡಿದು ಕಿಟಕಿಗೆ ಹೋಗಿ ಬೀದಿ ನೋಡುವರು, ವಾಪಸು ಬಂದು ಒಲೆಯ ಮೇಲಿನ ಸಾರು ಕದಡುವರು, ಅಷ್ಟರಲ್ಲಿ ಕಪ್ಪನ್ನು ಎಲ್ಲೋ ಇಟ್ಟು ಮರೆತಿರುವರು. ಸಂಜೆಯ ಹೊತ್ತಿಗೆ ಅರ್ಧ ಕುಡಿದ ಕಪ್ಪುಗಳು ಮನೆತುಂಬ ಸಿಗುತ್ತಿದ್ದವು: ಮೆಟ್ಟಿಲ ಮೇಲೊಂದು, ಟಿವಿಯ ಮೇಲೊಂದು, ಹಿತ್ತಲಿನ ಕಸದ ಡಬ್ಬಿಯ ಮುಚ್ಚಳದ ಮೇಲೊಂದು. ಕೂತು ಕುಡಿಯಿರಿ ಅಂದರೆ, "ಕುಂತರ ನಿದ್ದಿ ಬರ್ತೈತವಾ. ನಿದ್ದಿ ಬಂದರ ಮುಗೀತು," ಎನ್ನುತ್ತಿದ್ದರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ತೊಂಬತ್ತಾರನೇ ಇಸವಿಯಲ್ಲಿ ನಾವು ಗ್ರೀನ್‌ಫರ್ಡಿನ ಆ ಸಾಲುಮನೆಗೆ ಬಾಡಿಗೆಗೆ ಬಂದೆವು. ನನ್ನ ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಮನೆಗೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. ನನಗೆ ಕೆಲಸವಿರಲಿಲ್ಲ. ಮೈಸೂರಿನಿಂದ ಬಂದ ಹೊಸತು, ಬಸ್ಸಿನವನ ಇಂಗ್ಲಿಷೂ ಅರ್ಥವಾಗದೆ ಹೊರಗೆ ಹೋಗಲು ಅಂಜುತ್ತಿದ್ದೆ. ಒಂದು ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಗಿರಿಜಕ್ಕ.

"ವಸುಧಾ, ಕೆಲಸೈತೇನು?"

"ಬಟ್ಟೆ ಒಗೀಬೇಕು, ಗಿರಿಜಕ್ಕ."

"ಬಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ. ಚಪ್ಪಲಿ ಹಾಕ್ಕೊ. ಒಂದು ಕ್ಯಾರವಾನ್ ನೋಡಿ ಬರೂಣು."

ಕ್ಯಾರವಾನ್ ಅಂದರೇನೆಂದು ನನಗೆ ಗೊತ್ತಿರಲಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ ಎಂದು ದಾರಿಯಲ್ಲಿ ತಿಳಿಸಿದರು. ಹಾಸಿಗೆ, ಒಲೆ, ನಲ್ಲಿ, ಕಕ್ಕಸು ಎಲ್ಲ ಅದರೊಳಗೇ. ಬೇಸಿಗೆ ಬಂತೆಂದರೆ ಇಲ್ಲಿನ ಬಿಳಿಯರು ಅದನ್ನು ಸಮುದ್ರದ ದಂಡೆಗೆ ಎಳೆದುಕೊಂಡು ಹೋಗಿ ವಾರಗಟ್ಟಲೆ ಇರುತ್ತಾರಂತೆ. ಮನೆ ಬಿಟ್ಟು ಹೋಗುವವರು ಮತ್ತೆ ಮನೆಯನ್ನೇ ಏಕೆ ಎಳೆದುಕೊಂಡು ಹೋಗಬೇಕು ಎಂದು ಕೇಳಿದೆ. ಗಿರಿಜಕ್ಕ ಗೇರು ಬದಲಿಸಿದರು. ಆಮೇಲೆ, "ನಮ್ಮನ್ಯಾಗ ಬೇರೆ ದಾರಿ ಇಲ್ಲ," ಎಂದರು.

ಗಿರಿಜಕ್ಕ ವಿಜಯಪುರದವರು, ಹೆರಿಗೆ ವಾರ್ಡಿನಲ್ಲಿ ಮಿಡ್‌ವೈಫ್. "ನಾ ಸೂಲಗಿತ್ತಿ," ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಗಂಡ ಈರಣ್ಣನವರು ಕೌನ್ಸಿಲ್ಲಿನ, ಅಂದರೆ ಇಲ್ಲಿನ ನಗರಸಭೆಯ, ಬಾಡಿಗೆಮನೆಗಳ ದೂರು ನೋಡುವ ಕಚೇರಿಯಲ್ಲಿದ್ದು, ಕಿಡ್ನಿ ಕೆಟ್ಟ ಮೇಲೆ ಕೆಲಸ ಬಿಟ್ಟವರು. ಅವರ ಹೊಟ್ಟೆಗೆ ಒಂದು ಸಣ್ಣ ನಳಿಕೆ ಹಾಕಿದ್ದರು. ದಿನಕ್ಕೆ ನಾಲ್ಕು ಸಲ ಹೊಟ್ಟೆಯಲ್ಲಿದ್ದ ದ್ರವವನ್ನು ಹೊರಗೆ ಹರಿಸಿ, ಚೀಲದಿಂದ ಹೊಸದನ್ನು ಒಳಗೆ ಇಳಿಸಬೇಕು. ಅದಕ್ಕೆ ಕಿಟಕಿ ಮುಚ್ಚಿದ, ಧೂಳಿಲ್ಲದ, ಸ್ವಚ್ಛವಾದ ಕೋಣೆ ಬೇಕು. ಒಂದು ಚೀಲಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕೈದು ತಾಸು. ಆ ಮನೆಯವರೆಲ್ಲ ಆ ನಾಲ್ಕೈದು ತಾಸಿನೊಳಗೆ ಎಷ್ಟು ದೂರ ಹೋಗಿ ಬರಬಹುದೋ ಅಷ್ಟೇ ಲೋಕದಲ್ಲಿ ಬದುಕುತ್ತಿದ್ದರು. ಮಗಳು ವಿದ್ಯಾಗೆ ಹದಿನಾಲ್ಕು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಅವಳು ಗೆಳತಿಯೊಬ್ಬಳಿಗೆ ಫೋನಿನಲ್ಲಿ "ವೀ ಡೋಂಟ್ ಡು ಹಾಲಿಡೇಸ್", ನಾವು ರಜೆಗೆ ಎಲ್ಲಿಗೂ ಹೋಗುವುದಿಲ್ಲ, ಎಂದದ್ದು ಗಿರಿಜಕ್ಕನ ಕಿವಿಗೆ ಬಿದ್ದಿತ್ತು. ದೂರುವ ದನಿಯಲ್ಲಿ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ನಾವು ಮಾಂಸ ತಿನ್ನುವುದಿಲ್ಲ ಎಂದಷ್ಟೇ ಸಹಜವಾಗಿ ಹೇಳಿದ್ದಳಂತೆ.

ಅಲ್ಲಿಂದ ಆರು ತಿಂಗಳು, ಡ್ಯೂಟಿಯಿಲ್ಲದ ಪ್ರತಿ ಶನಿವಾರ, ನಾವಿಬ್ಬರೂ ಕ್ಯಾರವಾನ್ ನೋಡುತ್ತ ತಿರುಗಿದೆವು. ಮಾರುವವರ ಅಂಗಳಗಳಿಗೆ ಹೋದೆವು, ಪತ್ರಿಕೆಯ ಜಾಹೀರಾತು ಹಿಡಿದು ಜನರ ಮನೆಗಳಿಗೆ ಹೋದೆವು. ಹೊಸದು ಕೊಳ್ಳಬೇಕೆಂಬುದು ಈರಣ್ಣನವರ ಹಟ.

"ಹದಿನೆಂಟು ವರ್ಷ ಮಂದಿ ತಮ್ಮ ಮನಿ ಗ್ವಾಡಿ ಹಸಿ ಹಿಡದೈತಿ ಅಂತ ಬರದ ಕಾಗದಾ ಓದೀನಿ," ಎನ್ನುತ್ತಿದ್ದರು. "ಈಗ ನಾನ ಹೋಗಿ ಅಂಥಾದರಾಗ ಮಲಗ್ಲೇನು?"

ಮಾತಿನಲ್ಲಿ ನ್ಯಾಯವಿತ್ತು. ಗೋಡೆಯಲ್ಲಿ ಬೂಷ್ಟು ಇದ್ದರೆ ಆ ನಳಿಕೆಗೆ ಸೋಂಕು ತಗಲಬಹುದೆಂದು ಆಸ್ಪತ್ರೆಯವರೂ ಎಚ್ಚರಿಸಿದ್ದರು. ಗಿರಿಜಕ್ಕ ಮಾತ್ರ ಹಳೆಯದರ ಕಡೆ. "ಹೊಸಾದು ಇನ್ನೂ ಒಂದು ಮಳಿ ಕಂಡಿಲ್ಲ. ಅದು ಹೆಂಗ ಬಾಳ್ತೈತಿ ಅಂತ ಯಾರಿಗೆ ಗೊತ್ತು? ಐದಾರು ಮಳಿಗಾಲ ಕಂಡದ್ದಾದರ ತನ್ನ ಹುಳುಕು ತಾನ ತೋರಸ್ತೈತಿ. ನೋಡೂ ಕಣ್ಣು ನಮಗಿರಬೇಕು."

ಕಣ್ಣು ಎಂದರೂ ಅವರು ನೋಡುತ್ತಿದ್ದುದು ಕೈಯಿಂದ. ಒಳಗೆ ಕಾಲಿಟ್ಟ ಕೂಡಲೇ ಕಪಾಟು ತೆಗೆದು ಮೂಗು ಹಾಕುವರು. ಆಮೇಲೆ ಮೆತ್ತೆಗಳನ್ನು ಎತ್ತಿ ಮೂಲೆಮೂಲೆಗೂ ಅಂಗೈ ಒತ್ತುತ್ತ ಹೋಗುವರು. ಆಗ ಮಾತ್ರ ಅವರ ಚಡಪಡಿಕೆ ನಿಂತಿರುತ್ತಿತ್ತು. "ಹೊಟ್ಟಿ ಮ್ಯಾಲ ಕೈ ಇಟ್ಟರ ಕೂಸಿನ ತಲಿ ಎಲ್ಲೈತಿ, ಕಾಲೆಲ್ಲೈತಿ ಗೊತ್ತಾಗ್ತೈತಿ. ಇದೂ ಹಂಗ," ಎಂದು ನನ್ನ ಕೈ ಹಿಡಿದು ಒತ್ತಿಸಿ ಕಲಿಸಿದರು.

ಎಜ್‌ವೇರಿನಲ್ಲಿ ವಯಸ್ಸಾದ ದಂಪತಿಯೊಂದರ ಕ್ಯಾರವಾನ್ ನೋಡಿದ್ದು ಚೆನ್ನಾಗಿ ನೆನಪಿದೆ. ಕಸೂತಿಯ ಪರದೆ, ಹೂವಿನ ಗೋಡೆಕಾಗದ, ಒಳಗೆಲ್ಲ ಲ್ಯಾವೆಂಡರಿನ ಪರಿಮಳ. ನಾನಂತೂ ಮನಸೋತೆ. ಗಿರಿಜಕ್ಕ ಮುಂದಿನ ಕಿಟಕಿಯ ಕೆಳಗೆ ಅಂಗೈ ಒತ್ತಿದರು. ಗೋಡೆ ಮಾಗಿದ ಬಾಳೆಹಣ್ಣಿನಂತೆ ಒಳಗೆ ಹೋಯಿತು. ಹೊಸ ಕಾಗದದ ಹಿಂದೆ ಹಲಗೆ ಪೂರ್ತಿ ಕೊಳೆತಿತ್ತು. ಮುದುಕ ಬೇರೆ ಕಡೆ ನೋಡಿದ. ಮುದುಕಿ ನಮಗಾಗಿ ಬಿಸ್ಕತ್ತಿನ ತಟ್ಟೆ ತಂದಿಟ್ಟಿದ್ದಳು. ಗಿರಿಜಕ್ಕ ಒಂದು ಬಿಸ್ಕತ್ತು ತಿಂದು, ಪರದೆಗಳನ್ನು ಹೊಗಳಿ, ಥ್ಯಾಂಕ್ಯೂ ಹೇಳಿ ಹೊರಬಂದರು. ಕಾರಿನಲ್ಲಿ ಕೂತು ಅಂಗೈಯನ್ನು ಕೋಟಿಗೆ ಒರೆಸಿಕೊಳ್ಳುತ್ತ, "ವಾಸನಿ ಭಾಳ ಚಲೋ ಇದ್ದಲ್ಲೇ ಭಾಳ ಹುಡುಕಬೇಕವಾ," ಎಂದರು.

ಹೀಗೆ ಇಪ್ಪತ್ತಕ್ಕೂ ಹೆಚ್ಚು ನೋಡಿರಬೇಕು. ಒಂದರಲ್ಲಿ ಹಸಿ, ಒಂದರಲ್ಲಿ ಮಲಗುವ ಜಾಗ ಸಾಲದು, ಇನ್ನೊಂದರಲ್ಲಿ ಚೀಲ ತೂಗುಹಾಕುವಷ್ಟು ಎತ್ತರವಿಲ್ಲ. ಒಂದೆರಡು ಎಲ್ಲ ರೀತಿಯಲ್ಲೂ ಸರಿಯಿದ್ದವು, ಅವಕ್ಕೂ ಏನೋ ನೆವ ಹೇಳಿ ಬಿಟ್ಟರು. ಅವರಿಗೆ ಕೊಳ್ಳುವುದಕ್ಕಿಂತ ಹುಡುಕುವುದೇ ಬೇಕಾಗಿದೆಯೇನೋ ಎಂದು ನನಗೆ ಅನುಮಾನ ಬಂದಿತ್ತು. ಬೇಸಿಗೆ ಹತ್ತಿರ ಬರುತ್ತಿತ್ತು.

ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ನಾನು ಅವರ ಮನೆಯಲ್ಲಿ ರೊಟ್ಟಿ ಬಡಿಯಲು ಕಲಿಯುತ್ತಿದ್ದೆ. ಹೊರಕೋಣೆಯಲ್ಲಿ ಈರಣ್ಣನವರು ಚೀಲ ಹಾಕಿಕೊಂಡು ಕೂತಿದ್ದರು. ಆರು ವರ್ಷ ಹಳೆಯ ಇನ್ನೊಂದು ಕ್ಯಾರವಾನಿನ ವಿಷಯ ಗಿರಿಜಕ್ಕ ಅಡುಗೆಮನೆಯಿಂದಲೇ ಅವರಿಗೆ ಹೇಳುತ್ತಿದ್ದರು. ಈರಣ್ಣನವರು ದನಿ ಏರಿಸದೆ ಕೇಳಿದರು:

"ಗಿರಿಜಾ, ಒಂದು ಮಾತು ಹೇಳು. ನಾ ಎಷ್ಟು ವರ್ಷ ಇರ್ತೀನಿ ಅಂತ ಲೆಕ್ಕಾ ಹಾಕಿ ಹಳೇದು ಹುಡುಕಾಕತ್ತೀಯೇನು?"

ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಗಿರಿಜಕ್ಕ ಅದನ್ನು ತಿರುವಲಿಲ್ಲ. ನಾನೇ ಒಲೆ ಆರಿಸಿದೆ. ಗಿರಿಜಕ್ಕ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಹಳ ಹೊತ್ತಾದ ಮೇಲೆ ನಾನು ಹೋಗಿ ಪಕ್ಕದಲ್ಲಿ ಕೂತೆ.

"ನರ್ಸ್ ಆಗಬಾರದವಾ," ಎಂದರು. "ಬ್ಯಾಡ ಅಂದರೂ ಲೆಕ್ಕಾ ತಾನ ಆಗ್ತೈತಿ."

ಮುಂದಿನ ಶನಿವಾರ ಈರಣ್ಣನವರನ್ನೂ ವಿದ್ಯಾಳನ್ನೂ ಕೂರಿಸಿಕೊಂಡು, ಪಶ್ಚಿಮದ ಕಡೆ ಹೆದ್ದಾರಿಯ ಪಕ್ಕದ ದೊಡ್ಡ ಅಂಗಳವೊಂದಕ್ಕೆ ಹೋದೆವು. ಈ ಸಲ ಗಿರಿಜಕ್ಕ ನೇರವಾಗಿ ಹೊಸ ಸಾಲಿಗೇ ನಡೆದರು. ಮಾರುವವನು ಬಾಗಿಲು ತೆರೆದು, ಹತ್ತು ವರ್ಷ ಚಿಂತೆಯಿಲ್ಲ ಎಂದ. ಗಿರಿಜಕ್ಕ ಯಾವ ಗೋಡೆಯನ್ನೂ ಮುಟ್ಟಲಿಲ್ಲ. "ಇದ ಇರಲಿ. ಬರಕೊಳ್ಳಾಕ ಹೇಳೂಣು," ಎಂದು ಕೈಚೀಲ ತೆರೆದೇಬಿಟ್ಟರು. ಈರಣ್ಣನವರು ಒಳಗಿನ ಹಾಸಿಗೆಯ ಅಂಚಿನಲ್ಲಿ ಕೂತು ನಾಲ್ಕು ಸಲ ಕೆಮ್ಮಿದರು. ಹೊಸ ಹಲಗೆಯ ಅಂಟು, ಪ್ಲಾಸ್ಟಿಕ್ಕು ಘಾಟು ಹೊಡೆಯುತ್ತಿದ್ದವು.

"ಹೊಸಾ ವಾರ್ಡಿನಾಗ ಮಲಗಿಸಿದಂಗ ಆಗ್ತೈತಿ," ಎಂದು ಎದ್ದು ಹೊರಬಂದು, ಕೋಲೂರುತ್ತ ಅಂಗಳದ ಹಿಂದಿನ ಸಾಲಿಗೆ ಹೋದರು. ನಾವೆಲ್ಲ ಹಿಂದೆ ಹೋದೆವು. ಅಲ್ಲಿ ಕೆನೆಬಣ್ಣದ್ದೊಂದು ನಿಂತಿತ್ತು, ಏಳು ವರ್ಷ ಹಳೆಯದು. ಮೆಟ್ಟಿಲು ಸವೆದಿತ್ತು. ಕಪಾಟಿನ ಬಾಗಿಲ ಒಳಗೆ ಯಾರೋ ಮಕ್ಕಳ ಎತ್ತರವನ್ನು ಪೆನ್ಸಿಲಿನಲ್ಲಿ ಗೀಚಿ ಗುರುತುಹಾಕಿದ್ದರು. ವಿದ್ಯಾ ಅದನ್ನು ತಂದೆಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಎಲ್ಲ ಗೀಟುಗಳನ್ನೂ ಓದಿದರು.

"ಇದರಾಗ ಮಂದಿ ಬಾಳ್ಯಾರ. ಇದು ಇರಲಿ."

"ಬ್ಯಾಡರಿ," ಎಂದರು ಗಿರಿಜಕ್ಕ. "ಹೊಸಾದ ತಗೊಳ್ಳೂಣು. ನೀವ ಹೇಳಿದ್ದಿರಿ."

"ಹೇಳಿದ್ದೆ. ಈಗ ಹಳೇದು ಬೇಕಂತ ನಾನ ಹೇಳಾಕತ್ತೀನಿ. ನಾ ಆರಿಸಿದರ ಅದರಾಗ ನಿನ್ನ ಲೆಕ್ಕಾ ಇರೂದಿಲ್ಲ. ಗ್ವಾಡಿ ಒತ್ತಿ ನೋಡು ಹೋಗು, ನಿನ್ನ ಕೆಲಸಾ ಅದು."

ಗಿರಿಜಕ್ಕ ಮೊಣಕಾಲೂರಿ ಒತ್ತತೊಡಗಿದರು. ನಲವತ್ತು ನಿಮಿಷವಾದರೂ ಆಗಿರಬೇಕು. ಒಂದು ಅಂಗುಲವನ್ನೂ ಬಿಡಲಿಲ್ಲ. ಎದ್ದಾಗ ಕಣ್ಣು ಕೆಂಪಾಗಿದ್ದವು. "ಒಣಾ ಐತಿ," ಎಂದಷ್ಟೇ ಹೇಳಿದರು.

ಮೊದಲ ಪ್ರವಾಸಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಡಾರ್ಸೆಟ್ಟಿನ ಸಮುದ್ರದ ಮೇಲಿನ ಒಂದು ಹುಲ್ಲುಗಾವಲು. ಚೀಲಗಳ ಪೆಟ್ಟಿಗೆಗಳು ಅರ್ಧ ಜಾಗ ತಿಂದಿದ್ದವು. ಕಿಟಕಿ ಮುಚ್ಚಿ, ಪರದೆಯ ಕೊಕ್ಕೆಗೆ ಚೀಲ ತೂಗುಹಾಕಿ, ಈರಣ್ಣನವರು ಗಾಜಿನಾಚೆ ಸಮುದ್ರ ನೋಡುತ್ತ ಕೂತರು. ವಿದ್ಯಾ ಅವರ ಎದುರು ಕೂತು ಇಸ್ಪೀಟು ಹಾಕಿದಳು. ತಂದೆ ಎಲೆ ಕದಿಯುವುದನ್ನು ಕಂಡೂ ಕಾಣದಂತೆ ಇದ್ದಳು. ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಗಿರಿಜಕ್ಕ ನಕ್ಷೆ ಬಿಡಿಸಿಕೊಂಡು ನಿಂತಿದ್ದರು.

"ಇಲ್ಲಿಂದ ಮೂವತ್ತು ಮೈಲಿಗೆ ಇನ್ನೊಂದು ದಂಡಿ ಐತಂತ. ಹೋಗೂಣೇನು?"

"ಗಿರಿಜಾ," ಎಂದರು ಈರಣ್ಣನವರು, "ಮನಿಗೆ ಗಾಲಿ ಅದಾವಂತ ದಿನಾ ಉಳ್ಳಿಸಬೇಕೇನು? ಈ ಸಮುದ್ರ ಇನ್ನೂ ಪೂರಾ ನೋಡಿಲ್ಲ ನಾ."

ಗಿರಿಜಕ್ಕ ನಕ್ಷೆ ಮಡಚಿದರು. ಹತ್ತು ನಿಮಿಷದಲ್ಲಿ ದಂಡೆಯ ಮೇಲೆ ನೀಲಿ ಕೋಟು ಒಂದು ತುದಿಯಿಂದ ಇನ್ನೊಂದು ತುದಿಗೆ ಬಿರಬಿರನೆ ನಡೆಯುವುದು ಕಂಡಿತು.

ಗಿರಿಜಕ್ಕ ಹಾಕಿದ ಲೆಕ್ಕ ತಪ್ಪಾಯಿತು. ಈರಣ್ಣನವರು ಏಳು ಬೇಸಿಗೆ ಆ ಕ್ಯಾರವಾನಿನಲ್ಲಿ ಮಲಗಿದರು. ಕಾರ್ನ್‌ವಾಲ್, ವೇಲ್ಸ್, ನಾರ್ಫಕ್ ಎಲ್ಲ ನೋಡಿದರು. ಅಷ್ಟರಲ್ಲಿ ನಾನು ಗಿರಿಜಕ್ಕನಿಂದಲೇ ಕಾರು ಕಲಿತು, ಕೆಲಸ ಹಿಡಿದು, ಎರಡು ಮಕ್ಕಳಾಗಿ, ಸ್ಟ್ಯಾನ್ಮೋರಿಗೆ ಮನೆ ಬದಲಿಸಿದ್ದೆ. ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ನ್ಯುಮೋನಿಯಾ ಆಗಿ ಈರಣ್ಣನವರು ತೀರಿಕೊಂಡರು. ವಿದ್ಯಾ ಕೆಲಸದ ಮೇಲೆ ಲೀಡ್ಸ್‌ಗೆ ಹೋಗಿಯಾಗಿತ್ತು. ಗಿರಿಜಕ್ಕ ಅವಧಿಗೆ ಮೊದಲೇ ನಿವೃತ್ತಿ ಪಡೆದು, ಕ್ಯಾರವಾನ್ ಕಟ್ಟಿಕೊಂಡು ಒಬ್ಬರೇ ಹೊರಟರು. ಆಗೊಮ್ಮೆ ಈಗೊಮ್ಮೆ ಫೋನು ಬರುತ್ತಿತ್ತು, ಪ್ರತಿ ಸಲವೂ ಹೊಸ ಊರಿನಿಂದ. ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ, ಮಗಳನ್ನು ನೋಡಲು ಲೀಡ್ಸ್‌ಗೆ ಹೋಗಿದ್ದಾಗ, ಹೃದಯ ನಿಂತು ಅಲ್ಲೇ ಹೋಗಿಬಿಟ್ಟರು.

ಅದಕ್ಕೆ ನಾಲ್ಕು ತಿಂಗಳು ಮೊದಲು, ಮೇ ತಿಂಗಳ ಒಂದು ಶುಕ್ರವಾರ, ಹೇಳದೆ ಕೇಳದೆ ನಮ್ಮ ಮನೆಗೆ ಬಂದಿದ್ದರು. ನಮ್ಮ ಬೀದಿಯಲ್ಲಿ ಆ ಕ್ಯಾರವಾನ್ ಎದುರು ಮನೆಯವರ ಗೇಟಿನವರೆಗೂ ಚಾಚಿ ನಿಂತಿತ್ತು. ಅನ್ನ ಸಾರು ಉಂಡರು. ಒಳಗೆ ಮಲಗಿ ಎಂದರೆ ಒಪ್ಪಲಿಲ್ಲ. ಬಹಳ ಸೊರಗಿದ್ದರು.

"ಎಲ್ಲಿಗೆ ಹೀಗೆ ತಿರುಗ್ತಾ ಇದ್ದೀರಿ, ಗಿರಿಜಕ್ಕ? ಒಂದು ಕಡೆ ಇರಬಾರದಾ?"

"ಅವರು ಇದ್ದಾಗ ನಾಕು ತಾಸಿನ ಹಗ್ಗಾ ಇತ್ತವಾ. ಎಷ್ಟು ಜಗ್ಗಿದರೂ ಅಲ್ಲಿಗೇ ನಿಲ್ತಿತ್ತು. ಈಗ ಹಗ್ಗಾ ಇಲ್ಲ. ಎಲ್ಲಿ ನಿಲ್ಲಬೇಕು ತಿಳೀವಲ್ದು."

ನಾನು ತಟ್ಟೆ ತೊಳೆಯಲು ಎದ್ದೆ. ಅವರು ಹಿಂದೆಯೇ ಬಂದು ನಿಂತು, ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದರು.

"ನೀನೂ ಬಾರವಾ. ಮೂರ ದಿವಸ. ಸೋಮವಾರ ತಂದು ಬಿಡ್ತೀನಿ."

"ಭಾನುವಾರ ಮನೆಗೆ ಊಟಕ್ಕೆ ಜನ ಬರ್ತಾರೆ, ಗಿರಿಜಕ್ಕ. ಮುಂದಿನ ಸಲ ಖಂಡಿತ ಬರ್ತೀನಿ."

"ಆತು ತೊಗೊ," ಎಂದರು.

ಅವರು ಹೊರಟಾಗ ನಾನು ರಸ್ತೆಗಿಳಿದು ಕೈಸನ್ನೆ ಮಾಡಿ ಕ್ಯಾರವಾನನ್ನು ಹಿಂದಕ್ಕೆ ತರಿಸಿದೆ. ತಿರುವಿನಲ್ಲಿ ಒಮ್ಮೆ ಹಾರ್ನ್ ಮಾಡಿ ಹೋದರು. ಆ ಭಾನುವಾರ ನಮ್ಮ ಮನೆಗೆ ಊಟಕ್ಕೆ ಯಾರು ಬಂದಿದ್ದರು ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ.