ಆಪಾ ಕೊಡದ ಟಿಕೆಟ್

ಆಪಾರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಷ್ಟು ಕೆಳಗಿಳಿದಿತ್ತು. ಹದಿನಾಲ್ಕು ವರ್ಷ ಕಂಡಕ್ಟರ್ ಚೀಲದ ಪಟ್ಟಿ ಅದೇ ಭುಜಕ್ಕೆ ಜೋತುಬಿದ್ದಿತ್ತು. ಡ್ಯೂಟಿ ಮುಗಿಸಿ ಬಂದು ಖಾಕಿ ಅಂಗಿ ಕಳಚಿದರೆ ಕುತ್ತಿಗೆಯ ಬುಡದಲ್ಲಿ ಪಟ್ಟಿಯ ಗುರುತು ಕೆಂಪಗೆ ಕಾಣುತ್ತಿತ್ತು. ಅಲ್ಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಾ, ಆ ದಿನ ಬಸ್ಸಿನಲ್ಲಿ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂದು ಹೇಳುವುದು ಅವರ ರೂಢಿ. ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಸವಣೂರಿನವರು. ಅಕ್ಕ ಅನ್ನುವ ಅರ್ಥದಲ್ಲಿ ಎಲ್ಲರೂ ಅವರನ್ನು ಆಪಾ ಅನ್ನುತ್ತಿದ್ದರು. ಗಂಡ ಬಸ್ಸಿನ ಡ್ರೈವರ್ ಆಗಿದ್ದರಂತೆ. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಇವರಿಗೆ ನೌಕರಿ ಸಿಕ್ಕಿತ್ತು. ಮಗಳನ್ನು ಸವಣೂರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು, ಹಾನಗಲ್‌ನಲ್ಲಿ ಒಂದು ಮನೆಯ ನಡುವಿನ ಖೋಲಿಯಲ್ಲಿ ಇದ್ದರು. ಮುಂದಿನ ಖೋಲಿಯಲ್ಲಿ ಒಬ್ಬ ಶಾಲಾ ಟೀಚರು. ಹಿಂದಿನದು ಖಾಲಿ ಇತ್ತು, ಅದಕ್ಕೆ ನಾನು ಬಂದೆ. ಗಂಡನ ವಿಷಯ ಬಂದಾಗ ಆಪಾ 'ನಮ್ಮನಿಯವರು' ಅನ್ನುತ್ತಿದ್ದರೇ ಹೊರತು ಹೆಸರು ಹೇಳುತ್ತಿರಲಿಲ್ಲ. ಆ ವಯಸ್ಸಿನ ಹೆಂಗಸರು ಹಾಗೆಯೇ. ನಮ್ಮವ್ವನೂ ಇವತ್ತಿಗೂ ಅಪ್ಪನ ಹೆಸರು ಹೇಳುವುದಿಲ್ಲ.

ನಾನು ಶಿಗ್ಗಾಂವದಿಂದ ಗಂಡನನ್ನು ಬಿಟ್ಟು ಬಂದವಳು. ಅವನು ಅಂಗಡಿಗೆ ಹೋಗುವಾಗ ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕಿಕೊಂಡು ಹೋಗುತ್ತಿದ್ದ. ನಾನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಅದನ್ನೂ ಬಿಡಿಸಿದ. ಎರಡು ವರ್ಷ ಸಹಿಸಿದೆ. ಕೊನೆಗೆ ಹಿರೇಕೆರೂರಿನಿಂದ ಅಣ್ಣ ಬಂದು, ಮದುವೆಯಲ್ಲಿ ಕೊಟ್ಟ ಸಾಮಾನುಗಳನ್ನು ಹಿರಿಯರ ಮುಂದೆ ಒಂದೊಂದಾಗಿ ಟೆಂಪೋಕ್ಕೆ ಏರಿಸಿದ. ಹಂಡೆ, ಕೊಡ, ಟ್ರೆಜರಿ ಕಪಾಟು, ಮಿಕ್ಸರ್. ಆಗ ನನಗೆ ಎಲ್ಲಿತ್ತೋ ಸಿಟ್ಟು, ಗೋಡೆಯ ಮೇಲಿದ್ದ ವೈಫೈ ರೂಟರನ್ನೂ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಅದು ನನ್ನ ಪಗಾರದಲ್ಲಿ ತಂದದ್ದು. ಅವನಿಗೆ ಒಂದು ಚಮಚೆಯನ್ನೂ ಬಿಡಬಾರದು ಅನ್ನುವ ಹಟ ನನಗೆ. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ತಡೆಯಲಿಲ್ಲ.

ತವರಿನಲ್ಲಿ ಎಷ್ಟು ದಿನ ಇರಲಿಕ್ಕಾಗುತ್ತದೆ? ಹಾನಗಲ್‌ನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಆ ಖೋಲಿಯೂ ಸಿಕ್ಕಿತು. ನಾನು ಬಂದ ವಾರವೇ ಮನೆಗೆ ಇಂಟರ್ನೆಟ್ ಹಾಕಿಸುವ ಮಾತು ನಡೆದಿತ್ತು. ಟೀಚರಿಗೆ ನಾಲ್ಕು ಆಂಟೆನಾ ಕೋಲಿನ ರೂಟರ್ ಬೇಕು. ಆಪಾಗೆ ಒಂದೇ ಚಿಂತೆ: ಮನೆಯ ಗೋಡೆಗಳು ಒಂದೂವರೆ ಮೊಳ ದಪ್ಪ, ನಡುವಿನ ಖೋಲಿಗೆ ಸಿಗ್ನಲ್ ಬರುತ್ತದೋ ಇಲ್ಲವೋ, ವಿಡಿಯೋ ಕಾಲಿನಲ್ಲಿ ಮಗಳ ಮುಖ ನೆಟ್ಟಗೆ ಕಾಣುತ್ತದೋ ಇಲ್ಲವೋ. ನನ್ನದೇ ಇದೆ, ಹೊಸದೇಕೆ ಎಂದು ನಾನು ದೊಡ್ಡಸ್ತಿಕೆಯಿಂದ ಚೀಲದಿಂದ ತೆಗೆದುಕೊಟ್ಟೆ. ಆಪಾ ಅದನ್ನು ತಿರುವಿ ಮುರುವಿ ನೋಡಿ, "ಇದನ್ನ ಮೊದಲ ಹಚ್ಚಿದವರು ಯಾರು, ತಂಗಿ?" ಎಂದು ಕೇಳಿದರು.

"ನನ್ನ ಪಗಾರದಾಗ ತಗೊಂಡದ್ದರಿ ಅದು" ಎಂದೆ. ಅವರು ಕೇಳಿದ್ದು ಅದಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಕೇಬಲ್‌ನವರು ಬಂದು ತಂತಿ ಸಿಕ್ಕಿಸಿ ಹೋದರು. ಹಳೆಯ ಪಾಸ್‌ವರ್ಡ್ ತೆಗೆದು ಹೊಸದು ಹಾಕಿದೆ. ಇನ್ನು ಯಾರ ಭಯವೂ ಇಲ್ಲ ಎಂದುಕೊಂಡೆ.

ಹತ್ತು ದಿನವೂ ಆಗಿರಲಿಲ್ಲ. ಒಂದು ಸಂಜೆ ಮನೆಯೊಳಗೆ ಕಾಲಿಟ್ಟು ಚಪ್ಪಲಿ ಬಿಡುವಷ್ಟರಲ್ಲಿ ಗಂಡನ ಮೆಸೇಜು ಬಂತು: ಇವತ್ತು ಲೇಟಾತಲ್ಲ. ಮರುದಿನ ಬೇಕೆಂದೇ ಒಂದು ತಾಸು ಮೊದಲೇ ಬಂದೆ. ಇವತ್ತು ಲಗೂ ಬಂದಿ, ಎಂದು ಬಂತು. ನಂಬರ್ ಬ್ಲಾಕ್ ಮಾಡಿದೆ, ಬೇರೆ ನಂಬರಿನಿಂದ ಬಂತು. ಮುಂದೆ ಅವನು ಮನೆಯ ಲೆಕ್ಕವನ್ನೇ ಹೇಳತೊಡಗಿದ. ಟೀಚರು ಊರಿಗೆ ಹೋದರೆ ಮನೆಯಲ್ಲಿ ಈಗ ಇಬ್ಬರೇ ಇದ್ದೀರಿ ಅನ್ನುವನು. ಯಾವ ಓಣಿ ಅನ್ನೋದಷ್ಟೇ ಉಳಿದಿದೆ, ಅದೂ ಸಿಗುತ್ತದೆ ಅನ್ನುವನು.

ನನಗೆ ಕೂಳು ಸೇರಲಿಲ್ಲ. ದಿನಕ್ಕೊಂದು ದಾರಿಯಲ್ಲಿ ಮನೆಗೆ ಬಂದೆ, ಮುಖದ ತುಂಬ ಓಢಣಿ ಸುತ್ತಿಕೊಂಡೆ. ಎದುರುಮನೆಯವರು, ಹಾಲಿನವರು, ಯಾರನ್ನು ಕಂಡರೂ ಇವರೇ ಹೇಳುತ್ತಿರಬಹುದು ಅನ್ನಿಸುತ್ತಿತ್ತು. ಕಡೆಗೆ ನನ್ನ ಸಂಶಯ ಬಂದು ನಿಂತದ್ದು ಆಪಾರ ಮೇಲೆ. ಅವರ ಬಸ್ಸು ಹಾನಗಲ್‌ನಿಂದ ಬಂಕಾಪುರ, ಶಿಗ್ಗಾಂವದ ಮೇಲೆ ಸವಣೂರಿಗೆ ಹೋಗುವಂಥದ್ದು. ಗಂಡನ ಅಂಗಡಿ ಶಿಗ್ಗಾಂವದ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು.

ಒಂದು ಸಂಜೆ ಆಪಾ ಪಡಸಾಲೆಯಲ್ಲಿ ಕುಳಿತು ಕೊತ್ತಂಬರಿ ಸೋಸುತ್ತಿದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಂಗಡಿಯಲ್ಲಿ ಚಹಾ ಕುಡಿದು ನನ್ನ ಸುದ್ದಿ ಕೊಡುತ್ತೀರಿ, ನಿಮ್ಮ ಮಗಳಿಗೆ ಹೀಗಾದರೆ ಗೊತ್ತಾದೀತು ಎಂದೆಲ್ಲ. ಟೀಚರು ನನ್ನ ರಟ್ಟೆ ಹಿಡಿದು ಎಳೆದರು. ಆಪಾ ಕೇಳಿದ್ದು ಒಂದೇ: "ಅವಗ ಏನೇನು ಗೊತ್ತೈತಿ?" ಮೊಬೈಲು ಕೊಡು, ನೋಡುತ್ತೇನೆ ಎಂದರು. ನಾಟಕ ಸಾಕು ಎಂದು ಹೇಳಿ ನಾನು ಕದ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಬಂದ ಮೆಸೇಜಿನಲ್ಲಿ ಒಂದು ಗಂಡಸಿನ ಹೆಸರಿತ್ತು. ಇವನು ಯಾರು, ದಿನಾ ನಿಮ್ಮ ಮನೆಯಲ್ಲೇ ಮಲಗುತ್ತಾನಲ್ಲ, ಎಂದು ಕೇಳಿದ್ದ. ಇವತ್ತು ನೀನಾಗಿ ಬಂದರೆ ಸರಿ, ಇಲ್ಲದಿದ್ದರೆ ಓಣಿ ಹುಡುಕಿ ನಾನೇ ಬಂದು ಇಬ್ಬರನ್ನೂ ಮುಗಿಸುತ್ತೇನೆ ಎಂದಿದ್ದ. ಆ ಹೆಸರಿನವರು ನನಗೆ ಈ ಲೋಕದಲ್ಲಿ ಯಾರೂ ಗೊತ್ತಿರಲಿಲ್ಲ. ಇಲ್ಲದ ಗಂಡಸಿನ ಸಲುವಾಗಿ ಅವನು ಬಂದು ಈ ಮನೆಯ ಹೆಂಗಸರ ಮೇಲೆ ಕೈ ಮಾಡಿದರೆ? ಅಣ್ಣನಿಗೆ ಫೋನ್ ಮಾಡಿದೆ. ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತು ನೀನು, ಎಂದ. ಇನ್ನು ಯಾರಿಗೆ ಹೇಳಲಿ? ಎಲ್ಲಿ ಬಚ್ಚಿಟ್ಟುಕೊಂಡರೂ ಅವನ ಕಣ್ಣು ತಪ್ಪುವುದಿಲ್ಲ ಎಂದ ಮೇಲೆ ಬಚ್ಚಿಟ್ಟುಕೊಂಡು ಏನು ಫಲ? ಚೀಲಕ್ಕೆ ನಾಲ್ಕು ಬಟ್ಟೆ ತುಂಬಿದೆ. ಸ್ಟ್ಯಾಂಡಿಗೆ ಹೋಗಿ ಶಿಗ್ಗಾಂವದ ಕಡೆ ಹೋಗುವ ಬಸ್ಸು ಹತ್ತಿದೆ. ಬಾಗಿಲಲ್ಲಿ ಆಪಾ ನಿಂತಿದ್ದರು.

ಊರು ದಾಟಿದ ಮೇಲೆ ಟಿಕೆಟ್ ಕೊಡುತ್ತಾ ನನ್ನ ಸೀಟಿನ ಹತ್ತಿರ ಬಂದರು. ಶಿಗ್ಗಾಂವ ಎಂದೆ. ಅವರು ಚೀಲ ನೋಡಿದರು, ನನ್ನ ಮುಖ ನೋಡಿದರು.

"ಬಂಕಾಪುರದ ತನಕ ಕೊಡ್ತೇನಿ. ಶಿಗ್ಗಾಂವದ್ದು ಕೊಡಾಂಗಿಲ್ಲ."

ಹೆಂಗಸರ ಉಚಿತ ಟಿಕೆಟ್ ಒಂದನ್ನು ಮಶಿನ್ನಿನಿಂದ ಹರಿದು ನನ್ನ ಕೈಗಿಟ್ಟರು. ಬಂಕಾಪುರ ಎಂದೇ ಇತ್ತು. ನಾನು ಅಳುತ್ತಲೇ ಜಗಳಕ್ಕೆ ನಿಂತೆ. ನನ್ನ ಮೇಲೆ ಸಂಶಯವಿದ್ದರೆ ಇರಲಿ, ಅವನು ಕಳಿಸಿದ್ದನ್ನು ತೋರಿಸು, ಎಂದರು ಆಪಾ. ಸಿಟ್ಟಿನಲ್ಲಿ ಮೊಬೈಲನ್ನು ಅವರ ಕೈಗೆ ತುರುಕಿದೆ. ಅವರು ಕಂಬಿಗೆ ಒರಗಿ ಮೊದಲಿನಿಂದ ಓದತೊಡಗಿದರು. ನಡುನಡುವೆ ಹೋಗಿ ಟಿಕೆಟ್ ಕೊಟ್ಟು ಬಂದು ಮತ್ತೆ ಓದಿದರು. ಕೊನೆಯ ಮೆಸೇಜಿಗೆ ಬಂದಾಗ ನನ್ನ ಪಕ್ಕದಲ್ಲಿ ಕುಳಿತುಬಿಟ್ಟರು. ಯಾರೋ ಇಳಿಯಬೇಕಾದ ಊರು ಬಂದು ದಾಟಿಯೇ ಹೋಯಿತು, ಅವರು ಸೀಟಿ ಊದಲಿಲ್ಲ. ಹಿಂದಿನವರು ಕೂಗಾಡಿದಾಗ ಬಸ್ಸು ನಿಂತಿತು.

"ಈ ಹೆಸರು ನಮ್ಮನಿಯವರದು" ಎಂದರು. "ಈ ಮನಿಯಾಗ ಒಂದಿನನೂ ನಾ ಇದನ್ನ ಬಾಯಾಗ ತಂದಿಲ್ಲ. ನಿನಗ ಗೊತ್ತಿಲ್ಲ, ಟೀಚರಿಗೆ ಗೊತ್ತಿಲ್ಲ. ಮತ್ತ ಅವಗ ಯಾರು ಹೇಳಿದ್ರು?"

ತಮ್ಮ ಮೊಬೈಲು ತೆಗೆದರು. ಅದು ಅವರ ಗಂಡ ಬಳಸುತ್ತಿದ್ದ ಹಳೆಯ ಮೊಬೈಲು, ಗಾಜು ಒಡೆದರೂ ಬದಲಿಸಿರಲಿಲ್ಲ. ಅವರ ಗಂಡ ಆ ಮೊಬೈಲಿಗೆ ಇಟ್ಟಿದ್ದ, ವೈಫೈಗೆ ಸೇರಿದಾಗ ಕಾಣುವ ಹೆಸರನ್ನು ನನಗೆ ತೋರಿಸಿದರು. ಅದೇ ಹೆಸರು. ಅದನ್ನು ನಾನೂ ಇಲ್ಲಿ ಬರೆಯುವುದಿಲ್ಲ.

"ಅವ ಹತ್ತೂದು, ಇಳಿಯೂದು ಅಷ್ಟ ಬಲ್ಲ, ತಂಗಿ. ನಡುವ ಏನಾತು ಅನ್ನೂದು ಅವಗ ಗೊತ್ತಿಲ್ಲ. ಮನಷ್ಯಾರು ಹೇಳಿದ್ರ ನೀ ಉಣಲಾರದ್ದು, ಅತ್ತದ್ದು ಎಲ್ಲಾ ಹೇಳತಿದ್ದ. ಇದು ಮನಷ್ಯಾರ ಕೆಲಸ ಅಲ್ಲ. ನೀ ತಂದ ಡಬ್ಬಿದು."

ಆಗ ನನ್ನ ತಲೆಗೆ ಹೋಯಿತು. ರೂಟರನ್ನು ಗೋಡೆಗೆ ಹಚ್ಚಿದ ದಿನವೇ ಗಂಡ ಅದನ್ನು ತನ್ನ ಮೊಬೈಲಿನ ಆ್ಯಪಿಗೆ ಜೋಡಿಸಿಕೊಂಡಿದ್ದ. ನಾನು ಬದಲಿಸಿದ್ದು ವೈಫೈಯ ಪಾಸ್‌ವರ್ಡ್ ಮಾತ್ರ, ಒಡೆತನ ಅವನ ಹೆಸರಿನಲ್ಲೇ ಉಳಿದಿತ್ತು. ಯಾರ ಮೊಬೈಲು ಮನೆಯೊಳಗೆ ಬಂದರೂ, ಹೊರಗೆ ಹೋದರೂ ಅವನಿಗೆ ಶಿಗ್ಗಾಂವದಲ್ಲಿ ಕುಳಿತಲ್ಲೇ ಹೆಸರಿನ ಸಮೇತ ಕಾಣುತ್ತಿತ್ತು. ಅವನ ಕಣ್ಣನ್ನು ಕಿತ್ತು ತಂದು ನನ್ನ ಕೈಯಾರೆ ನಾನೇ ಗೋಡೆಗೆ ಹಚ್ಚಿದ್ದೆ.

ಬಂಕಾಪುರದಲ್ಲಿ ಇಳಿಸಿದರು. ತಮ್ಮ ಬುತ್ತಿಯನ್ನು ನನ್ನ ಮಡಿಲಿಗಿಟ್ಟು, "ಸವಣೂರು ಮುಟ್ಟಿ ಹೊಳ್ಳಿ ಬರೂಮಟ ಇಲ್ಲೇ ಕುಂದ್ರು. ಬ್ಯಾರೆ ಬಸ್ ಹತ್ತಬ್ಯಾಡ" ಎಂದರು. ನನ್ನನ್ನು ವಾಪಸ್ ಮನೆಗೆ ಕರೆದುಕೊಂಡು ಹೋಗಲು ಡ್ಯೂಟಿ ಬಿಡುವಂತಿರಲಿಲ್ಲ. ಅಲ್ಲಿ ಕಲ್ಲುಬೆಂಚಿನ ಮೇಲೆ ಮೂರು ತಾಸು ಕುಳಿತೆ. ಶಿಗ್ಗಾಂವದ ಬಸ್ಸುಗಳು ಬಂದು ನಿಂತವು, ಹೋದವು. ಎಲ್ಲಿದ್ದಿ, ಎಂದು ಮೆಸೇಜು ಬರುತ್ತಲೇ ಇತ್ತು. ಎಲ್ಲ ಗೊತ್ತಾದ ಮೇಲೂ ಎರಡು ಸಲ ಎದ್ದು ನಿಂತಿದ್ದೆ. ಹೆದರಿ ಹೆದರಿ ಸಾಕಾದವಳಿಗೆ, ಹೋಗಿ ಅವನ ಕೈಗೆ ಸಿಕ್ಕಿಬಿಡುವುದೇ ವಿಶ್ರಾಂತಿ ಅನ್ನಿಸುತ್ತದೆ.

ಆಪಾ ಬಂದರು. ಹಾನಗಲ್‌ನ ಟಿಕೆಟ್ ಕೊಟ್ಟರು. ಮನೆಗೆ ಬಂದವರೇ ರೂಟರಿನ ವೈರು ಕಿತ್ತರು. ನಾನು ಅದನ್ನು ಕಲ್ಲಿಗೆ ಹಾಕಿ ಜಜ್ಜಲು ಹೊರಟರೆ ಕಸಿದುಕೊಂಡು, ಠಾಣೆಯಲ್ಲಿ ತೋರಿಸಲು ಬೇಕು ಎಂದು ಬಟ್ಟೆಯಲ್ಲಿ ಸುತ್ತಿಟ್ಟರು. ಮೆಸೇಜುಗಳ ಸಮೇತ ದೂರು ಕೊಡಿಸಿದ್ದೂ ಅವರೇ. ಪೊಲೀಸರು ಗಂಡನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಮುಂದೆ ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು.

ಹೊಸ ರೂಟರ್ ಕೊಳ್ಳಲು ಹೋದಾಗ ಆಪಾ ಕೋಲು ಎಣಿಸಲಿಲ್ಲ. ಇದು ಯಾರನ್ನು ಯಜಮಾನ ಅನ್ನುತ್ತದೆ, ಅದನ್ನು ಬದಲಿಸುವುದು ಹೇಗೆ ಎಂದು ಅಂಗಡಿಯವರನ್ನು ಬಿಡದೆ ಕೇಳಿದರು. ಡಬ್ಬಿಯ ತಳದಲ್ಲಿ ಅಚ್ಚಾಗಿದ್ದ ಪಾಸ್‌ವರ್ಡನ್ನು ತಮ್ಮ ಕಣ್ಣೆದುರಿಗೇ ತೆಗೆಸಿದರು, ಹೊರಗಿನಿಂದ ನೋಡುವ ದಾರಿಯನ್ನು ಮುಚ್ಚಿಸಿದರು, ಬಂದು ಹೋಗುವವರಿಗೆ ಬೇರೆಯದೇ ವೈಫೈ ಹೆಸರು, ಬೇರೆ ಪಾಸ್‌ವರ್ಡ್ ಮಾಡಿಸಿದರು. ಮೊಬೈಲಿನ ಹೆಸರನ್ನೂ ಬದಲಿಸಿಕೊಳ್ಳಿರಿ ಎಂದರು ಅಂಗಡಿಯವರು. ಆಪಾ ಅದೊಂದನ್ನು ಒಪ್ಪಲಿಲ್ಲ.

"ಅದು ಇರಲಿರಿ. ಇನ್ನ ಮನಿ ಬಿಟ್ಟು ಹೊರಗ ಹೋಗಾಂಗಿಲ್ಲ ಅದು."

ಆಪಾ ತೀರಿಕೊಂಡು ಮೂರು ತಿಂಗಳಾಯಿತು. ಹಿರೇಕೆರೂರಿಗೆ ವರ್ಗವಾಗಿ ಹೋದ ಮೇಲೆ ಕಿಡ್ನಿ ಕೈಕೊಟ್ಟಿತ್ತು. ಕೊನೆಗೆ ಸವಣೂರಿನ ಮನೆಯಲ್ಲೇ ಇದ್ದರು. ನಾನು ಹೋದಾಗ ಮಂಚದ ಮೇಲೆ ಸಣ್ಣಗಾಗಿ ಮಲಗಿದ್ದರು. ಮಗಳು ಚಹಾ ಮಾಡಲು ಒಳಗೆ ಹೋದಾಗ, ಅಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಹೇಳಿದೆ. ನಿಮ್ಮ ಮೇಲೆ ಅಂಥ ಮಾತು ಹೊರಿಸಿದೆನಲ್ಲ, ಆಪಾ, ನನ್ನನ್ನು ಕ್ಷಮಿಸಿರಿ ಎಂದು ಅವರ ಕೈ ಹಿಡಿದು ಅತ್ತೆ.

ಅವರು ಹೇಳಿದರು: "ಬೈದಿ, ಖರೆ. ಆದ್ರ ಅವತ್ತ ಶಿಗ್ಗಾಂವಕ್ಕ ಹೋಗಾಕ ನನ್ನ ಬಸ್ಸನ್ನ ಯಾಕ ಹತ್ತಿದಿ?"

ಆ ಬೆಳಿಗ್ಗೆ ನಾನು ಸ್ಟ್ಯಾಂಡಿಗೆ ಹೋದಾಗ ಶಿಗ್ಗಾಂವದ ಬೇರೊಂದು ಬಸ್ಸು ಹೊರಡಲು ನಿಂತಿತ್ತು, ಸೀಟುಗಳೂ ಖಾಲಿ ಇದ್ದವು. ಅದನ್ನು ಬಿಟ್ಟು ನಾನು ಆಪಾರ ಬಸ್ಸಿಗೆ ಇಪ್ಪತ್ತು ನಿಮಿಷ ಕಾದಿದ್ದೆ.